ಬೆಟ್ಟದ ಸೆಂಚಾ ಯಾಕೆ ಹಚ್ಚಹಸಿರಾಗಿರುವುದಿಲ್ಲ?

ಜಪಾನಿನಿಂದ ಬಂದ, ಸೆಂಚಾ ಎಂಬ ಹಸಿರು ಚಹಾದ ಒಂದು ಪೊಟ್ಟಣ ನಮ್ಮ ಅಡುಗೆಮನೆಯಲ್ಲಿದೆ. ನೂರು ಗ್ರಾಂ. ಶಿಝುಒಕಾ ಪ್ರಾಂತ್ಯದ ಕವಾನೆ ಎಂಬ ಬೆಟ್ಟಸೀಮೆಯದು. ಒಂದೇ ಕುಟುಂಬ ಬೆಳೆದು, ಒಣಗಿಸಿ, ಕಟ್ಟಿ ಕಳಿಸಿದ ಚಹಾ. ಪೊಟ್ಟಣದ ಮೇಲೆ ಸಾವಯವದ ಮುದ್ರೆಯಿದೆ. ಎಲೆಗಳು ಕಡುಹಸಿರು, ಸೂಜಿಯ ಹಾಗೆ ಸಣ್ಣಗೆ ಹೊಸೆದುಕೊಂಡಿವೆ. ಅಂಗೈಗೆ ಹಾಕಿಕೊಂಡರೆ ಹೊಳಪು ಕಾಣುತ್ತದೆ. ಆದರೆ ನೀರು ಹುಯ್ದು ಬಟ್ಟಲಿಗೆ ಬಗ್ಗಿಸಿದಾಗ ಇಳಿಯುವ ಬಣ್ಣ ಹಸಿರಲ್ಲ. ತಿಳಿಯಾದ ಹೊಂಬಣ್ಣ, ಅಂಚಿನಲ್ಲಿ ಮಾತ್ರ ಚೂರು ಹಸಿರು ಛಾಯೆ. ಮನೆಗೆ ಬಂದವರೆಲ್ಲ ಕೇಳುವುದು ಒಂದೇ: "ಗ್ರೀನ್ ಟೀ ಅಂತೀರಿ, ಹಸಿರು ಎಲ್ಲಿ?"

ಕೇಳಬೇಕಾದ ಪ್ರಶ್ನೆಯೇ. ಅಂಗಡಿಯಲ್ಲಿ ಸಿಗುವ ಎಷ್ಟೋ ಜಪಾನಿ ಚಹಾ ಪಾಚಿ ಕಲಕಿದಂತೆ ದಟ್ಟ ಹಸಿರು ಬಿಡುತ್ತದೆ. ಅದಕ್ಕಿಂತ ದುಬಾರಿಯಾದ ಬೆಟ್ಟದ ಚಹಾ ಇಷ್ಟು ತೆಳ್ಳಗೆ ಕಾಣುವುದೇಕೆ? ಉತ್ತರ ಗೊತ್ತಾಗಬೇಕಾದರೆ ಗಿಡದ ಬೇರಿನಿಂದ ಶುರುಮಾಡಿ ಹಬೆಯ ಯಂತ್ರದವರೆಗೆ ಹೋಗಬೇಕು.

ನಾವು ಹಾಲು, ಸಕ್ಕರೆ ಹಾಕಿ ಕುದಿಸುವ ಚಹಾಪುಡಿಯೂ ಈ ಸೆಂಚಾವೂ ಒಂದೇ ಜಾತಿಯ ಗಿಡದವು, ಕೆಮೆಲಿಯಾ ಸೈನೆನ್ಸಿಸ್. ಅಸ್ಸಾಮಿನದು ಅಗಲ ಎಲೆಯ ಬಗೆ, ಜಪಾನಿನದು ಚಳಿ ತಡೆಯುವ ಸಣ್ಣ ಎಲೆಯ ಬಗೆ. ಕಪ್ಪು ಚಹಾ, ಹಸಿರು ಚಹಾ ಎಂದು ದಾರಿ ಬೇರೆಯಾಗುವುದು ಮುಖ್ಯವಾಗಿ ಎಲೆ ಕೊಯ್ದ ಮೇಲೆ. ಬದನೆಕಾಯಿ ಹೆಚ್ಚಿ ನೀರಿಗೆ ಹಾಕದೆ ಬಿಟ್ಟರೆ ಕಪ್ಪಾಗುತ್ತದಲ್ಲ, ಅಂಥದೇ ಕಿಣ್ವ ಚಹಾ ಎಲೆಯಲ್ಲೂ ಇದೆ. ಎಲೆಯನ್ನು ಬಾಡಿಸಿ, ಹಿಸುಕಿ ಗಾಳಿಗೆ ಬಿಟ್ಟರೆ ಅದು ಕೆಲಸ ಶುರುಮಾಡಿ ಎಲೆ ಕೆಂಪಾಗುತ್ತದೆ, ಆಮೇಲೆ ಕಪ್ಪಾಗುತ್ತದೆ. ಕೊಯ್ದ ಕೂಡಲೇ ಶಾಖ ಕೊಟ್ಟರೆ ಕಿಣ್ವ ಸಾಯುತ್ತದೆ, ಹಸಿರು ಉಳಿಯುತ್ತದೆ. ಚೀನಾದಲ್ಲಿ ಹೆಚ್ಚಾಗಿ ಬಾಣಲೆಯಲ್ಲಿ ಹುರಿದು ಈ ಕೆಲಸ ಮಾಡುತ್ತಾರೆ. ಜಪಾನಿನವರು ಹಬೆ ಹಿಡಿದರು. ಕ್ಯೋತೊ ಸೀಮೆಯ ಉಜಿತವಾರಾದಲ್ಲಿ ನಗತಾನಿ ಸೋಎನ್ ಎಂಬ ರೈತ 1738ರಲ್ಲಿ ಎಳೆ ಚಿಗುರನ್ನು ಹಬೆಯಲ್ಲಿಟ್ಟು, ಕೆಳಗೆ ಕೆಂಡವಿದ್ದ ಕಾಗದದ ಹಾಸಿನ ಮೇಲೆ ಕೈಯಿಂದ ಹೊಸೆಯುತ್ತ ಒಣಗಿಸುವ ಕ್ರಮವನ್ನು ರೂಢಿಗೆ ತಂದರು. ಇವತ್ತಿನ ಸೆಂಚಾ ಯಂತ್ರಗಳೆಲ್ಲ ಆ ಎರಡು ಕೈಗಳ ಚಲನೆಯನ್ನೇ ಹಂತ ಹಂತವಾಗಿ ಅನುಕರಿಸುತ್ತವೆ.

ಇನ್ನು ರುಚಿ. ಜಪಾನಿ ಹಸಿರು ಚಹಾದ ರುಚಿಯನ್ನು ಬಹುಮಟ್ಟಿಗೆ ಎರಡು ವಸ್ತುಗಳ ನಡುವಿನ ತೂಗಾಟ ಎಂದು ತಿಳಿದರೆ ಅರ್ಧ ಕೆಲಸ ಮುಗಿಯಿತು. ಒಂದು ಥಿಯಾನಿನ್. 1949ರಲ್ಲಿ ಸಕಾತೊ ಯಾಜಿರೊ ಎಂಬ ವಿಜ್ಞಾನಿ ಚಹಾ ಎಲೆಯಿಂದ ಬೇರ್ಪಡಿಸಿ ತೋರಿಸಿದ ಅಮೈನೊ ಆಮ್ಲ ಇದು. ಅಣಬೆಯ ಸಾರಿನಲ್ಲಿ, ಚೆನ್ನಾಗಿ ಮಾಗಿದ ಟೊಮೆಟೊದಲ್ಲಿ ನಾಲಿಗೆಯ ಮೇಲೆ ನಿಧಾನವಾಗಿ ಹರಡಿ ಜೊಲ್ಲು ತರಿಸುವ ರುಚಿಯಿದೆಯಲ್ಲ, ಜಪಾನಿನವರು ಉಮಾಮಿ ಅನ್ನುವುದು, ಚಹಾದಲ್ಲಿ ಅದು ಹೆಚ್ಚಾಗಿ ಬರುವುದು ಥಿಯಾನಿನ್ ಮತ್ತು ಅದರ ಜೊತೆಗಾರ ಅಮೈನೊ ಆಮ್ಲಗಳಿಂದ. ಇನ್ನೊಂದು ಕೆಟೆಚಿನ್. ಎಳೆ ಬಾಳೆಕಾಯಿ ಕಚ್ಚಿದಾಗಿನ ಒಗರು, ಜೊತೆಗೆ ಕಹಿ.

ಈ ಎರಡಕ್ಕೂ ಒಳಸಂಬಂಧವಿದೆ. ಥಿಯಾನಿನ್ ತಯಾರಾಗುವುದು ಬೇರಿನಲ್ಲಿ. ಮಣ್ಣಿನಿಂದ ಹೀರಿದ ಸಾರಜನಕದಿಂದ ಗಿಡ ಅದನ್ನು ಮಾಡಿಕೊಂಡು ವಸಂತದಲ್ಲಿ ಚಿಗುರಿಗೆ ಸಾಗಿಸುತ್ತದೆ. ಚಿಗುರಿನ ಮೇಲೆ ಬಿಸಿಲು ಬಿದ್ದಷ್ಟೂ ಥಿಯಾನಿನ್ ಒಡೆಯುತ್ತದೆ, ಅದರ ತುಣುಕುಗಳು ಕೆಟೆಚಿನ್ ಕಟ್ಟುವುದಕ್ಕೆ ಬಳಕೆಯಾಗುತ್ತವೆ. ಗಿಡದ ಕಡೆಯಿಂದ ನೋಡಿದರೆ ಕೆಟೆಚಿನ್ ಬಿಸಿಲಿಗೆ, ಹುಳಕ್ಕೆ ಒಡ್ಡಿದ ಗುರಾಣಿ. ನಮ್ಮ ನಾಲಿಗೆಗೆ ಒಗರು. ಹಾಗಾಗಿ ಹೆಚ್ಚು ಬಿಸಿಲು ಕಂಡ ಎಲೆ ಒಗರು ಜಾಸ್ತಿ, ನೆರಳಲ್ಲಿ ಬೆಳೆದ ಎಲೆ ಉಮಾಮಿ ಜಾಸ್ತಿ. ಗ್ಯೊಕುರೊ ಎಂಬ ದುಬಾರಿ ಚಹಾಕ್ಕೆ ಕೊಯ್ಲಿನ ಮುಂಚೆ ಸುಮಾರು 20 ದಿನ ತೋಟಕ್ಕೇ ಚಪ್ಪರ ಹಾಕಿ ಬೆಳಕು ತಡೆಯುತ್ತಾರೆ. ಮಾಚಾ ಎಂಬ ನುಣ್ಣನೆಯ ಹಸಿರು ಚಹಾಪುಡಿಗೆ ಬೇಕಾದ ಎಲೆಯೂ ಹಾಗೆಯೇ ಚಪ್ಪರದಡಿ ಬೆಳೆದದ್ದು.

ಬೆಟ್ಟದಲ್ಲಿ ಚಪ್ಪರದ ಕೆಲಸವನ್ನು ಸ್ವಲ್ಪ ಮಟ್ಟಿಗೆ ಬೆಟ್ಟವೇ ಮಾಡುತ್ತದೆ. ಕವಾನೆ ಇರುವುದು ಓಯಿ ನದಿಯ ಮೇಲ್ಕಣಿವೆಯಲ್ಲಿ. ಅದೇ ಪ್ರಾಂತ್ಯದ ಹೊನ್ಯಾಮಾ ಸೀಮೆ ಅಬೆ ನದಿಯ ದಂಡೆಗೆ, ತೆನ್‌ರ್ಯೂ ಸೀಮೆ ತನ್ನದೇ ಹೆಸರಿನ ನದಿಯ ದಂಡೆಗೆ. ಕಣಿವೆ ಕಿರಿದು, ಎರಡೂ ಕಡೆ ಕಡಿದಾದ ಗುಡ್ಡ. ಸೂರ್ಯ ಗುಡ್ಡದ ತಲೆ ದಾಟಿ ಬರುವಾಗ ಹೊತ್ತೇರಿರುತ್ತದೆ, ಸಂಜೆ ಬೇಗ ಮರೆಯಾಗುತ್ತಾನೆ. ಬೆಳಿಗ್ಗೆ ನದಿಯಿಂದ ಎದ್ದ ಮಂಜು ಗಿಡಗಳ ಮೇಲೆ ಕೂತಿರುತ್ತದೆ. ಎಲೆಗೆ ಸಿಗುವುದು ನೇರ ಬಿಸಿಲಲ್ಲ, ಸೋಸಿ ಬಂದ ಬೆಳಕು. ಮೇಲಾಗಿ ಪ್ರತಿ 100 ಮೀಟರ್ ಎತ್ತರಕ್ಕೆ ಸುಮಾರು 0.6 ಡಿಗ್ರಿಯಂತೆ ತಾಪ ಇಳಿಯುತ್ತದೆ. 600 ಮೀಟರಿನ ತೋಟ ಕಡಲಂಚಿನ ಬಯಲಿಗಿಂತ ಮೂರೂವರೆ ಡಿಗ್ರಿ ತಂಪು. ರಾತ್ರಿ ಇನ್ನೂ ತಂಪು. ಚಿಗುರು ತಡವಾಗಿ ಒಡೆದು ತಡೆದು ತಡೆದು ಬೆಳೆಯುತ್ತದೆ, ಬಲಿತು ನಾರಾಗುವ ಮೊದಲೇ ಕೊಯ್ಲಿಗೆ ಬರುತ್ತದೆ. ಎಲೆ ತೆಳು, ಮೆದು. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎತ್ತರದ ತಂಪಿನಲ್ಲಿ, ಮರದ ನೆರಳಿನಲ್ಲಿ ನಿಧಾನಕ್ಕೆ ಹಣ್ಣಾದ ಅರೇಬಿಕಾ ಯಾಕೆ ಬೇರೆ ಅನ್ನುವುದು ಅವರಿಗೆ ಅನುಭವದಿಂದ ಗೊತ್ತು.

ಆರುನೂರು, ಎಂಟುನೂರು ಮೀಟರ್ ಅಂದರೆ ಎತ್ತರವೇ ಎಂದು ನೀಲಗಿರಿ ನೋಡಿದವರು ಕೇಳಬಹುದು. ಊಟಿ, ಕೂನೂರಿನ ಸುತ್ತ 2000 ಮೀಟರಿನ ಆಸುಪಾಸಿನಲ್ಲೂ ಚಹಾ ತೋಟಗಳಿವೆ. ಆದರೆ ನೀಲಗಿರಿ ಇರುವುದು 11 ಡಿಗ್ರಿ ಅಕ್ಷಾಂಶದಲ್ಲಿ, ಶಿಝುಒಕಾ ಇರುವುದು 35ರಲ್ಲಿ. ಅಲ್ಲಿ 800 ಮೀಟರ್ ಎಂದರೆ ಚಹಾ ಗಿಡ ತಡೆಯುವ ಚಳಿಯ ಅಂಚು. ಎಲೆ ಒಡೆದ ಮೇಲೆ ಒಂದು ರಾತ್ರಿ ಹಿಮ ಬಿದ್ದರೆ ಆ ವರ್ಷದ ಮೊದಲ ಕೊಯ್ಲು ಕಂದಿ ಹೋಗುತ್ತದೆ. ಜಪಾನಿನ ಚಹಾ ತೋಟಗಳಲ್ಲಿ ಎತ್ತರದ ಕಂಬಗಳ ಮೇಲೆ ಫ್ಯಾನುಗಳು ನಿಂತಿರುವುದನ್ನು ಚಿತ್ರಗಳಲ್ಲಿ ನೋಡಿರಬಹುದು. ಅವು ಇರುವುದು ಅದಕ್ಕೇ: ಗಾಳಿಯಿಲ್ಲದ ಚಳಿರಾತ್ರಿಯಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಕೆಳಗೆ ಕೂರುತ್ತದೆ, ಕೆಲವು ಮೀಟರ್ ಮೇಲಿನದು ಬೆಚ್ಚಗಿರುತ್ತದೆ. ಫ್ಯಾನು ಆ ಬೆಚ್ಚನೆಯ ಗಾಳಿಯನ್ನು ಕೆಳಗೆ ತಳ್ಳುತ್ತದೆ.

ಈಗ ಸಾವಯವದ ಮಾತು. ಇಲ್ಲಿ ಮಾರಾಟದ ಮಾತುಗಳಿಗೂ ವಾಸ್ತವಕ್ಕೂ ಅಂತರ ಇದೆ, ಅದನ್ನು ನೇರವಾಗಿ ಹೇಳುವುದು ಒಳ್ಳೆಯದು. ಸಾವಯವ ಚಹಾದಲ್ಲಿ ಉಮಾಮಿ ಹೆಚ್ಚು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಾಮಾನ್ಯವಾಗಿ ಅದು ಕಡಿಮೆಯೇ ಇರುತ್ತದೆ. ಥಿಯಾನಿನ್‌ಗೆ ಸಾರಜನಕ ಬೇಕು ಅಂದೆನಲ್ಲ, ಜಪಾನಿನ ಬಯಲು ತೋಟಗಳು ಒಂದು ಕಾಲದಲ್ಲಿ ಆ ಹಾದಿಯಲ್ಲಿ ಬಹಳ ದೂರ ಹೋದವು. ಉಮಾಮಿ ಇದ್ದ ಎಲೆಗೆ ಒಳ್ಳೆಯ ಬೆಲೆ, ಉಮಾಮಿ ಬೇಕಾದರೆ ಗೊಬ್ಬರ, ಹಾಗಾಗಿ ವರ್ಷಕ್ಕೆ ಹೆಕ್ಟೇರಿಗೆ 1000 ಕಿಲೋ ಮೀರಿ ಸಾರಜನಕ ಸುರಿದ ತೋಟಗಳೂ ಇದ್ದವು. ಗಿಡ ಅದರಲ್ಲಿ ಒಂದು ಪಾಲನ್ನಷ್ಟೇ ಹೀರಬಲ್ಲದು. ಉಳಿದದ್ದು ನೈಟ್ರೇಟ್ ಆಗಿ ಮಳೆನೀರಿನೊಂದಿಗೆ ಇಳಿದು ಅಂತರ್ಜಲ, ಕೆರೆಗಳನ್ನು ಸೇರಿತು. ಶಿಝುಒಕಾದ ಮಕಿನೊಹಾರಾ ಪ್ರಸ್ಥಭೂಮಿಯ ಸುತ್ತ ಇದು ದೊಡ್ಡ ಸಮಸ್ಯೆಯೇ ಆಯಿತು. ಆಮೇಲೆ ಪ್ರಾಂತ್ಯವೇ ಮುಂದೆ ಬಂದು ಗೊಬ್ಬರದ ಮಿತಿಯನ್ನು ಇಳಿಸಬೇಕಾಯಿತು.

ಸಾವಯವ ಬೆಳೆಗಾರನಿಗೆ ಈ ದಾರಿ ಮುಚ್ಚಿದೆ. ಅವನ ಬಳಿ ಇರುವುದು ಎಣ್ಣೆಕಾಳಿನ ಹಿಂಡಿ, ಮೀನಿನ ಪುಡಿ, ಕಾಂಪೋಸ್ಟ್, ಹುಲ್ಲು. ಇವನ್ನು ಮಣ್ಣಿನ ಜೀವಿಗಳು ಕೊಳೆಯಿಸಿದ ಮೇಲೆಯೇ ಗಿಡಕ್ಕೆ ಸಾರಜನಕ. ತಂಪು ಮಣ್ಣಿನಲ್ಲಿ ಅದೂ ನಿಧಾನ. ಚಿಗುರಿಗೆ ಹೋಗುವ ಥಿಯಾನಿನ್ ಮಿತವಾಗಿರುತ್ತದೆ. ಬೆಟ್ಟದ ನೆರಳು, ಮಂಜು ಇಲ್ಲಿ ನೆರವಿಗೆ ಬರುತ್ತವೆ. ಬಂದಷ್ಟನ್ನು ಬಿಸಿಲಿಗೆ ಕಳೆದುಕೊಳ್ಳದಂತೆ ಕಾಯುತ್ತವೆ. ಕೊನೆಗೆ ಬಟ್ಟಲಿಗೆ ಬರುವುದು ಸಾರಿನಂಥ ದಪ್ಪ ಉಮಾಮಿಯಲ್ಲ. ಹಗುರ ಸಿಹಿ, ತೆಳು ಒಗರು, ಅದರ ಮೇಲೆ ತೇಲುವ ಪರಿಮಳ. ಕೆಲವೊಮ್ಮೆ ಹಸಿ ಕಡಲೆಕಾಯಿಯ ಘಮ, ಕೆಲವೊಮ್ಮೆ ಹೂವಿನದು. ಉಮಾಮಿ ಮುನ್ನುಗ್ಗಿದ ಚಹಾದಲ್ಲಿ ಇಂಥ ನವಿರು ವಾಸನೆಗಳು ಅದರಡಿ ಮುಚ್ಚಿಹೋಗುತ್ತವೆ. ನನ್ನ ಮಟ್ಟಿಗೆ ಬೆಟ್ಟದ ಸಾವಯವ ಚಹಾವನ್ನು ಗ್ಯೊಕುರೊ ಅಳತೆಗೋಲಿನಲ್ಲಿ ಅಳೆಯುವುದು ತಪ್ಪು. ಅದನ್ನು ಮೂಗಿನಿಂದ ಕುಡಿಯಬೇಕು.

ಹುಲ್ಲು ಅಂದೆ. ಅದರ ಕತೆ ಮಲೆನಾಡಿನವರಿಗೆ ತಮ್ಮದೇ ಅನ್ನಿಸೀತು. ಕವಾನೆ, ಕಕೆಗಾವಾ ಸೇರಿದ ಶಿಝುಒಕಾದ ಭಾಗಗಳಲ್ಲಿ ಚಹಾ ತೋಟದ ಪಕ್ಕ ಹುಲ್ಲುಗಾವಲು ಉಳಿಸಿಕೊಳ್ಳುವ ಪದ್ಧತಿಯಿದೆ. ಹೆಸರು ಚಾಗುಸಬಾ. ಸುಸುಕಿ ಎಂಬ ಎತ್ತರದ ಹುಲ್ಲು, ಕುರುಚಲು ಬಿದಿರು ಅಲ್ಲಿ ಬೆಳೆಯುತ್ತವೆ. ಶರತ್ಕಾಲದ ಕೊನೆಗೆ ಕೊಯ್ದು, ಕಟ್ಟು ಕಟ್ಟಿ ನಿಲ್ಲಿಸಿ ಒಣಗಿಸಿ, ಚಹಾ ಸಾಲುಗಳ ನಡುವೆ ಹಾಸುತ್ತಾರೆ. ಕಳೆ ಬರುವುದಿಲ್ಲ, ಇಳಿಜಾರಿನ ಮಣ್ಣು ಕೊಚ್ಚಿ ಹೋಗುವುದಿಲ್ಲ, ತೇವ ಆರುವುದಿಲ್ಲ, ವರ್ಷಗಳಲ್ಲಿ ಕೊಳೆತು ಕಪ್ಪು ಮಣ್ಣಾಗುತ್ತದೆ. ಪ್ರತಿವರ್ಷ ಕೊಯ್ಯುವುದರಿಂದ ಹುಲ್ಲುಗಾವಲು ಕಾಡಾಗದೆ ಉಳಿದು, ಬೇರೆಡೆ ಅಪರೂಪವಾದ ಗಿಡ, ಕೀಟಗಳಿಗೆ ನೆಲೆಯಾಗಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಇದನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆ ಎಂದು ಗುರುತಿಸಿತು. ಶಿರಸಿ, ಸಿದ್ದಾಪುರದ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಹೇಗೋ, ಅಲ್ಲಿನ ಚಹಾಕ್ಕೆ ಚಾಗುಸಬಾ ಹಾಗೆ. ಬೆಟ್ಟ ಬೋಳಾದರೆ ತೋಟ ಉಳಿಯುವುದಿಲ್ಲ ಅನ್ನುವುದು ಎರಡೂ ಕಡೆಯವರಿಗೆ ತಿಳಿದ ವಿಷಯ.

ಕೀಟದ ವಿಚಾರದಲ್ಲಿ ಎತ್ತರ ಸಾವಯವಕ್ಕೆ ಅನುಕೂಲ. ಚಹಾಕ್ಕೆ ಕಾಟ ಕೊಡುವ ಜಿಗಿಹುಳ, ನುಸಿ, ಎಲೆ ಸುತ್ತುವ ಹುಳುಗಳು ಬಿಸಿ ಏರಿದಂತೆ ಸಂತತಿ ಹೆಚ್ಚಿಸಿಕೊಳ್ಳುತ್ತವೆ. ತಂಪಿನಲ್ಲಿ ಅವುಗಳ ತಲೆಮಾರು ಕಡಿಮೆ, ಮೊದಲ ಕೊಯ್ಲಿನ ಹೊತ್ತಿಗೆ ಅವು ಇನ್ನೂ ಚೇತರಿಸಿಕೊಂಡಿರುವುದಿಲ್ಲ. ದಕ್ಷಿಣ ಜಪಾನಿನ ಕಾಗೊಶಿಮಾ ಪ್ರಾಂತ್ಯದ ಬಯಲಿನಲ್ಲಿ ವರ್ಷಕ್ಕೆ ನಾಲ್ಕು ಸಲದವರೆಗೂ ಕೊಯ್ಯುತ್ತಾರೆ. ಬೆಟ್ಟದಲ್ಲಿ ಒಂದೋ ಎರಡೋ. ಮೊದಲ ಚಿಗುರನ್ನು ಮಾತ್ರ ಕೊಯ್ಯುವವನಿಗೆ ಬೇಸಿಗೆಯ ಹುಳಕ್ಕೆ ಔಷಧಿ ಹೊಡೆಯುವ ಒತ್ತಡ ಅಷ್ಟಿಲ್ಲ. ತೋಟಗಳು ಚದುರಿರುವುದರಿಂದ ಪಕ್ಕದವನು ಹೊಡೆದದ್ದು ಗಾಳಿಯಲ್ಲಿ ಬಂದು ಬೀಳುವ ಭಯವೂ ಕಡಿಮೆ. ಗಿಫು ಪ್ರಾಂತ್ಯದ ಕಸುಗಾದಲ್ಲಿ, ಇಬುಕಿ ಬೆಟ್ಟದ ಮಗ್ಗುಲಲ್ಲಿ, ದಶಕಗಳಿಂದ ಕೀಟನಾಶಕವಿಲ್ಲದೆ ಚಹಾ ಬೆಳೆಯುತ್ತಿದ್ದಾರೆ. ಅಲ್ಲಿನ ಗಿಡಗಳಲ್ಲಿ ಹೆಚ್ಚಿನವು ಬೀಜದಿಂದ ಬೆಳೆದ ನಾಟಿ ಗಿಡಗಳು, ಜಪಾನಿನವರ ಮಾತಿನಲ್ಲಿ ಝಾಯ್‌ರಾಯ್. ಜಪಾನಿನ ಚಹಾ ನೆಲದ ಬಹುಪಾಲನ್ನು ಆವರಿಸಿರುವುದು ಯಾಬುಕಿತಾ ಎಂಬ ಒಂದೇ ತಳಿ. ಶಿಝುಒಕಾದ ಸುಗಿಯಾಮಾ ಹಿಕೊಸಬುರೊ 1908ರಲ್ಲಿ ಆರಿಸಿದ ಗಿಡದ ಟಿಸಿಲುಗಳು ಅವು. ಒಂದೇ ಗಿಡದ ಪ್ರತಿರೂಪವಾದ್ದರಿಂದ ಅವಕ್ಕೆ ಬರುವ ಕಾಯಿಲೆಯೂ ಒಂದೇ. ನಾಟಿ ತೋಟದಲ್ಲಿ ಒಂದು ಗಿಡದ ಹಾಗೆ ಇನ್ನೊಂದಿಲ್ಲ. ಚಿಗುರು ಒಟ್ಟಿಗೆ ಬರದೆ ಕೊಯ್ಲು ಕಷ್ಟ, ಆದರೆ ಒಂದು ಗಿಡಕ್ಕೆ ಹತ್ತಿದ್ದು ಎಲ್ಲಕ್ಕೂ ಹತ್ತುವುದಿಲ್ಲ.

ಎಲ್ಲವೂ ಅನುಕೂಲವೇ ಅಂತಲ್ಲ. ಪರಿಮಳ ಕೊಡುವ ಅದೇ ಮಂಜು ಶಿಲೀಂಧ್ರಕ್ಕೂ ಪ್ರಿಯ. ಎಲೆಯ ಮೇಲೆ ಬೊಬ್ಬೆ ಎಬ್ಬಿಸುವ ರೋಗವೊಂದು ತಂಪು, ತೇವ ಇರುವ ಬೆಟ್ಟದ ತೋಟಗಳಲ್ಲೇ ಹೆಚ್ಚು. ನೀಲಗಿರಿಯ ಬೆಳೆಗಾರರಿಗೂ ಅದರ ಪರಿಚಯ ಚೆನ್ನಾಗಿದೆ. ಬೇಸಿಗೆಯಲ್ಲಿ ಕೊಯ್ಯದಿದ್ದರೂ ಆಗಿನ ಎಲೆಗಳು ಹಾಳಾದರೆ ಗಿಡ ಮುಂದಿನ ವಸಂತಕ್ಕೆ ಶಕ್ತಿ ಕೂಡಿಡಲಾರದು.

ಕಡಿದಾದ ಇಳಿಜಾರಿನಲ್ಲಿ ಕೊಯ್ಲು ಹೇಗಿರುತ್ತದೆ ನೋಡಿ. ಬಯಲಿನಲ್ಲಿ ಒಬ್ಬನೇ ಕೂತು ಓಡಿಸುವ ಯಂತ್ರ ಸಾಲಿನ ಮೇಲೆ ಸಾಗಿ ಹೋಗುತ್ತದೆ. ಬೆಟ್ಟದಲ್ಲಿ ಅದು ನಡೆಯದು. ಬಿಲ್ಲಿನಂತೆ ಬಾಗಿದ, ಇಂಜಿನ್ ಇರುವ ಕತ್ತರಿ ಯಂತ್ರವನ್ನು ಇಬ್ಬರು ಎತ್ತಿ ಹಿಡಿಯುತ್ತಾರೆ, ಸಾಲಿನ ಈಚೆಗೊಬ್ಬರು, ಆಚೆಗೊಬ್ಬರು. ಹಿಂದೆ ಉದ್ದನೆಯ ಬಟ್ಟೆಚೀಲ. ಫ್ಯಾನಿನ ಗಾಳಿ ಕತ್ತರಿಸಿದ ಚಿಗುರನ್ನು ಚೀಲಕ್ಕೆ ಊದುತ್ತದೆ, ಚೀಲ ಉಬ್ಬುತ್ತ ಸಾಲಿನ ಮೇಲೆ ಎಳೆದುಕೊಂಡು ಬರುತ್ತದೆ. ಹೋಗುವಾಗ ಅರ್ಧ ಸಾಲು, ಬರುವಾಗ ಉಳಿದರ್ಧ. ಇಬ್ಬರ ಹೆಜ್ಜೆ, ಇಬ್ಬರ ಕೈಯ ಎತ್ತರ ಕೂಡಿ ಬರಬೇಕು. ಒಂದು ಬೆರಳಿನಷ್ಟು ಕೆಳಗಿಳಿದರೆ ಹಳೆಯ ಬಲಿತ ಎಲೆ ಸೇರುತ್ತದೆ. ಎಷ್ಟೋ ತೋಟಗಳಲ್ಲಿ ಆ ಇಬ್ಬರು ಗಂಡ ಹೆಂಡತಿ, ವಯಸ್ಸು ಎಪ್ಪತ್ತರ ಆಸುಪಾಸು. ಕೊಯ್ದದ್ದು ಅಂದೇ ಹಬೆಗೆ ಹೋಗಬೇಕು. ಐದು ಕಿಲೋ ಹಸಿ ಎಲೆಗೆ ಹೆಚ್ಚುಕಡಿಮೆ ಒಂದು ಕಿಲೋ ಒಣ ಚಹಾ.

ಈ ಶ್ರಮಕ್ಕೆ ಮಾರುಕಟ್ಟೆಯ ಬೆಲೆ ಯಾಕೆ ಸಿಗುವುದಿಲ್ಲ ಅನ್ನುವುದಕ್ಕೆ ಒಂದು ಸರಳ ಕಾರಣವಿದೆ: ಪಂಚಾಂಗ. ಜಪಾನಿನಲ್ಲಿ ವರ್ಷದ ಹೊಸ ಚಹಾಕ್ಕೆ, ಶಿಂಚಾಕ್ಕೆ, ಮೊದಮೊದಲು ಬಂದಷ್ಟು ಬೆಲೆ. ದಕ್ಷಿಣದ ಬಿಸಿ ಸೀಮೆಗಳ ಎಲೆ ಏಪ್ರಿಲ್ ಆರಂಭಕ್ಕೇ ಬರುತ್ತದೆ. ಅವರ ಪಂಚಾಂಗದಲ್ಲಿ ವಸಂತ ಹುಟ್ಟಿ 88ನೇ ದಿನ, ಅಂದರೆ ಮೇ 2ರ ಸುಮಾರು, ಚಹಾ ಕೊಯ್ಲಿಗೆ ಶುಭ ಎಂಬ ನಂಬಿಕೆಯಿದೆ. ಎತ್ತರದ ತೋಟಗಳಲ್ಲಿ ಚಿಗುರು ಹದಕ್ಕೆ ಬರುವುದು ಅದೂ ಕಳೆದ ಮೇಲೆ, ಮೇ ಮಧ್ಯಕ್ಕೆ. ಅಷ್ಟರಲ್ಲಿ ಹರಾಜಿನ ಬೆಲೆ ಇಳಿದಾಗಿರುತ್ತದೆ. ರುಚಿಯನ್ನು ಕಟ್ಟುವ ತಂಪೇ ಬೆಲೆಯನ್ನು ಬೀಳಿಸುತ್ತದೆ. 2024ರಲ್ಲಿ ಕಾಗೊಶಿಮಾ ಮೊದಲ ಬಾರಿಗೆ ಉತ್ಪಾದನೆಯಲ್ಲಿ ಶಿಝುಒಕಾವನ್ನು ಹಿಂದಿಕ್ಕಿತು. ಬಯಲು, ದೊಡ್ಡ ಯಂತ್ರ, ಹಲವು ಕೊಯ್ಲು ಒಂದು ಕಡೆ. ಇಳಿಜಾರು, ಮುದುಕರು, ಒಂದು ಕೊಯ್ಲು ಇನ್ನೊಂದು ಕಡೆ.

ಸಣ್ಣ ಸಾವಯವ ಬೆಳೆಗಾರರು ನೇರ ಮಾರಾಟಕ್ಕೆ ಇಳಿದದ್ದು ಇದರಿಂದಾಗಿಯೇ. ಮಾಮೂಲಿ ಕ್ರಮದಲ್ಲಿ ರೈತ ಒಣಗಿಸಿದ ಕಚ್ಚಾ ಚಹಾ ಮಾಡಿ ವ್ಯಾಪಾರಿಗೆ ಮಾರುತ್ತಾನೆ. ವ್ಯಾಪಾರಿ ಕಡ್ಡಿ, ಪುಡಿ ಬೇರೆ ಮಾಡಿ, ಹದವಾಗಿ ಹುರಿದು, ಹಲವು ಊರುಗಳ ಎಲೆ ಬೆರೆಸಿ, ಪ್ರತಿವರ್ಷ ಒಂದೇ ರುಚಿ ಬರುವಂತೆ ನೋಡಿಕೊಳ್ಳುತ್ತಾನೆ. ಆ ಬೆರಕೆ ನಿಜವಾದ ಕುಶಲತೆಯೇ, ಹೀಗಳೆಯುವಂಥದ್ದಲ್ಲ. ಆದರೆ ಅದರಲ್ಲಿ ಒಂದು ಗುಡ್ಡದ ಗುರುತು ಉಳಿಯುವುದಿಲ್ಲ. ತಾನೇ ಹುರಿದು ತಾನೇ ಕಟ್ಟುವ ಬೆಳೆಗಾರನ ಪೊಟ್ಟಣದಲ್ಲಿ ಉಳಿಯುತ್ತದೆ. ಹೋದ ವರ್ಷದ್ದು ಈ ವರ್ಷ ಹಾಗೇ ಇರಬೇಕೆಂದು ಅಪೇಕ್ಷಿಸಬಾರದು ಅಷ್ಟೆ.

ಈಗ ಬಣ್ಣದ ಪ್ರಶ್ನೆಗೆ ಬರೋಣ. ಬಯಲಿನ ಬಿಸಿಲಲ್ಲಿ ಬೆಳೆದ ಎಲೆ ದಪ್ಪ, ಒಗರು ಹೆಚ್ಚು. ಅದನ್ನು ಮೃದು ಮಾಡಲು ಮಕಿನೊಹಾರಾ ಕಡೆ ಹಬೆಯ ಅವಧಿಯನ್ನೇ ಹಿಗ್ಗಿಸಿದರು. ಹಳೆಯ ಕ್ರಮದಲ್ಲಿ ಇಪ್ಪತ್ತು, ಮೂವತ್ತು ಸೆಕೆಂಡಿದ್ದದ್ದು ಒಂದು ನಿಮಿಷ, ಕೆಲವೊಮ್ಮೆ ಅದಕ್ಕೂ ಹೆಚ್ಚಾಯಿತು. ಇದೇ ಫುಕಮುಶಿ, ಆಳ ಹಬೆಯ ಸೆಂಚಾ. ಅಷ್ಟು ಬೆಂದ ಎಲೆ ಹೊಸೆಯುವಾಗ ಪುಡಿಪುಡಿಯಾಗುತ್ತದೆ. ಬಟ್ಟಲಿನಲ್ಲಿ ಕಾಣುವ ದಟ್ಟ ಹಸಿರು ನೀರಿನಲ್ಲಿ ಕರಗಿದ ಬಣ್ಣವಲ್ಲ, ಬಹುಪಾಲು ನೀರಿನಲ್ಲಿ ತೇಲುವ ಎಲೆಯ ಸಣ್ಣ ಕಣಗಳು. ಹಸಿರಿಗೆ ಕಾರಣವಾದ ಹರಿತ್ತು ನೀರಲ್ಲಿ ಕರಗುವುದೇ ಇಲ್ಲ. ಬೆಟ್ಟದ ಎಲೆ ಮೊದಲೇ ಮೆದು. ಅದಕ್ಕೆ ಹೆಚ್ಚು ಹಬೆ ಕೊಟ್ಟರೆ ಪರಿಮಳ ಹಾರಿಹೋಗುತ್ತದೆ. ಹಾಗಾಗಿ ಕಡಿಮೆ ಹಬೆ. ಎಲೆ ಒಡೆಯದೆ ಸೂಜಿಯಾಗಿ ಉಳಿಯುತ್ತದೆ, ಕಣಗಳು ತೇಲುವುದಿಲ್ಲ, ನೀರು ತಿಳಿಯಾಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಹಸಿರು ಎಲ್ಲಿ ಎಂದು ಕೇಳಿದವರಿಗೆ ನಾನು ಕುಡಿಕೆಯ ಮುಚ್ಚಳ ತೆಗೆದು ತೋರಿಸುತ್ತೇನೆ. ಸೂಜಿಗಳು ಬಿಚ್ಚಿಕೊಂಡು, ಎರಡು ಎಲೆ ಒಂದು ಕುಡಿ ತೊಟ್ಟಿನ ಸಮೇತ, ಆಗ ತಾನೆ ಚಿವುಟಿ ಹಾಕಿದ ಹಾಗೆ ಕೂತಿರುತ್ತವೆ.

ಮಾಡುವ ಬಗೆಯಲ್ಲಿ ಒಂದೇ ಸೂತ್ರ: ಥಿಯಾನಿನ್ ಬೆಚ್ಚಗಿನ ನೀರಿಗೂ ಬಿಡುತ್ತದೆ, ಕೆಟೆಚಿನ್ ಮತ್ತು ಕೆಫೀನ್ ಚೆನ್ನಾಗಿ ಬಿಡುವುದು ಬಿಸಿ ಏರಿದಾಗ. ಕುದಿನೀರು ಸುರಿದರೆ ಒಗರೇ ಮುಂದೆ ಬರುತ್ತದೆ. ನಾನು ಮೊದಲ ಸಲ ನಮ್ಮ ಚಹಾದಂತೆಯೇ ಸ್ಟವ್ ಮೇಲೆ ಕುದಿಸಿದ್ದೆ, ಒಂದು ಗುಟುಕೂ ಕುಡಿಯಲಾಗಲಿಲ್ಲ. ಈಗ ಕಾಫಿ ಆರಿಸುವ ಹಾಗೆ ಕುದಿದ ನೀರನ್ನು ಒಂದು ತಣ್ಣನೆಯ ಪಿಂಗಾಣಿ ಪಾತ್ರೆಯಿಂದ ಇನ್ನೊಂದಕ್ಕೆ ಹುಯ್ಯುತ್ತೇನೆ. ಪ್ರತಿ ಸಲಕ್ಕೂ ಸುಮಾರು ಹತ್ತು ಡಿಗ್ರಿ ಇಳಿಯುತ್ತದೆ. ಮೂರು ಸಲ ಹುಯ್ದರೆ 70ರ ಹತ್ತಿರ. ಐದು ಗ್ರಾಂ ಎಲೆ, 150 ಮಿಲಿಲೀಟರ್ ನೀರು, ಒಂದು ನಿಮಿಷ, ಅಲ್ಲಾಡಿಸದೆ. ಕೊನೆಯ ಹನಿಯವರೆಗೂ ಬಗ್ಗಿಸಿಬಿಡಬೇಕು, ಗಟ್ಟಿ ರುಚಿ ಇರುವುದು ಅಲ್ಲೇ, ಉಳಿದರೆ ಎರಡನೆಯ ಸಲದ ಚಹಾ ಕಹಿಯಾಗುತ್ತದೆ. ಎರಡನೆಯದಕ್ಕೆ ನೀರು ಇನ್ನೂ ಸ್ವಲ್ಪ ಬಿಸಿ, ಕಾಯುವುದು ಹತ್ತೇ ಸೆಕೆಂಡು. ಮೂರನೆಯದಕ್ಕೆ ಬಿಸಿನೀರೇ ಸರಿ. ಬೇಸಿಗೆಯಲ್ಲಿ ಹತ್ತು ಗ್ರಾಂ ಎಲೆಯನ್ನು ಒಂದು ಲೀಟರ್ ತಣ್ಣೀರಿಗೆ ಹಾಕಿ ನಾಲ್ಕು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಒಗರೇ ಇಲ್ಲದ ತಂಪು ಚಹಾ ಸಿಗುತ್ತದೆ. ಸೋಸಿ ಉಳಿದ ಎಲೆಯನ್ನು ಜಪಾನಿನಲ್ಲಿ ಸೋಯಾ ಸಾಸ್ ಹನಿಸಿ ಸೊಪ್ಪಿನಂತೆ ತಿನ್ನುತ್ತಾರೆ. ಔಷಧಿ ಕಾಣದ ಎಲೆಯಾದ್ದರಿಂದ ನಾನು ಧೈರ್ಯವಾಗಿ ಒಗ್ಗರಣೆಗೆ ಹಾಕಿ ಮೊಸರು ಬೆರೆಸಿದ್ದೂ ಉಂಟು, ತಂಬುಳಿಗೆ ಹೊಂದುತ್ತದೆ.

ಕೊಳ್ಳುವವರು ಪೊಟ್ಟಣದ ಮೇಲೆ ನೋಡಬೇಕಾದ್ದು ಜೆಎಎಸ್ (ಜಪಾನಿನ ಕೃಷಿ ಮಾನದಂಡ) ಸಾವಯವ ಮುದ್ರೆ, ವೃತ್ತದೊಳಗೆ ಎಲೆಯ ಗುರುತು. ಚಹಾದಂಥ ಬಹುವಾರ್ಷಿಕ ಬೆಳೆಗೆ ಕೊಯ್ಲಿನ ಹಿಂದಿನ ಮೂರು ವರ್ಷ ನಿಷಿದ್ಧ ರಾಸಾಯನಿಕ ಮುಟ್ಟಿರಬಾರದು ಎಂಬುದು ನಿಯಮ. ಆ ಮೂರು ವರ್ಷ ಇಳುವರಿ ಬೀಳುತ್ತದೆ, ಬೆಲೆ ಮಾತ್ರ ಸಾವಯವದ್ದು ಸಿಗುವುದಿಲ್ಲ. ಸಣ್ಣವರು ಸೋಲುವುದು ಹೆಚ್ಚಾಗಿ ಆ ಹೊತ್ತಿನಲ್ಲಿ. ತಪಾಸಣೆಯ ಖರ್ಚು ಭರಿಸಲಾಗದೆ ಮುದ್ರೆ ಇಲ್ಲದೆಯೇ ಹಾಗೆ ಬೆಳೆಯುವವರೂ ಇದ್ದಾರೆ, ಅವರು ಸಾವಯವ ಎಂಬ ಪದ ಬಳಸುವಂತಿಲ್ಲ, ಬೆಳೆಯುವ ಅವಧಿಯಲ್ಲಿ ಕೀಟನಾಶಕ ಬಳಸಿಲ್ಲ ಎಂದು ಬರೆಯುತ್ತಾರೆ. ಎತ್ತರ ಎಷ್ಟು, ಯಾವ ಊರು, ಯಾವ ತಳಿ, ಯಾವ ದಿನ ಕೊಯ್ದದ್ದು ಎಂದು ಬರೆದಿದ್ದರೆ ಅದು ಒಳ್ಳೆಯ ಲಕ್ಷಣ.

ಮೇ ಮಧ್ಯದಲ್ಲಿ ಕೊಯ್ದದ್ದು ನಮ್ಮ ಕೈ ಸೇರುವಾಗ ಇಲ್ಲಿ ಮಳೆ ಹಿಡಿದಿರುತ್ತದೆ. ಐದು ಶೇಕಡಾಕ್ಕಿಂತ ಕಡಿಮೆ ತೇವಕ್ಕೆ ಒಣಗಿಸಿದ ಎಲೆ ಅದು, ಕರಾವಳಿ, ಮಲೆನಾಡಿನ ಗಾಳಿಯಲ್ಲಿ ಬಾಯಿ ತೆರೆದಿಟ್ಟರೆ ಹಪ್ಪಳದ ಹಾಗೆ ಮೆತ್ತಗಾಗುತ್ತದೆ. ಒಡೆಯದ ಪೊಟ್ಟಣ ಫ್ರಿಜ್ಜಿನಲ್ಲಿರಲಿ. ಹೊರತೆಗೆದ ಮೇಲೆ ಅರ್ಧ ದಿನ ಬಿಟ್ಟು, ತಣ್ಣಗಿರುವುದು ಕೋಣೆಯ ಹದಕ್ಕೆ ಬಂದ ನಂತರವೇ ಕತ್ತರಿ ಹಾಕಿ. ಇಲ್ಲದಿದ್ದರೆ ಒಳಗೆಲ್ಲ ನೀರು ಕಟ್ಟುತ್ತದೆ. ಒಡೆದ ಮೇಲೆ ಗಾಳಿಯಾಡದ ಡಬ್ಬಿ, ಮಸಾಲೆ ಡಬ್ಬಿಗಳಿಂದ ದೂರ. ಒಂದು ತಿಂಗಳಲ್ಲಿ ಕುಡಿದು ಮುಗಿಸಿ.